ಒಂದೇ ಕಂತಿನಲ್ಲಿ ಬಂದುಹೋದ ರೋಬೋಟುಗಳನ್ನು ಕೂಡಿಸುವ ಬಗೆ

ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನಿನ ನಾಯಕ ರೋಬೋಟು ಆಪ್ಟಿಮಸ್ ಪ್ರೈಮ್ ಬೇಕು ಅನ್ನುವವರಿಗೆ ಈ ಬರಹ ಬೇಕಿಲ್ಲ. ಮೈಸೂರಿನ ಯಾವುದಾದರೂ ದೊಡ್ಡ ಆಟಿಕೆ ಅಂಗಡಿಗೆ ಹೋಗಿ, ಅವನು ಎದುರಿಗೇ ನಿಂತಿರುತ್ತಾನೆ. ಪಕ್ಕದಲ್ಲಿ ಹಳದಿ ಬಂಬಲ್‌ಬೀ. ದುಡ್ಡು ಕೊಡಿ, ಚೀಲಕ್ಕೆ ಹಾಕಿಕೊಳ್ಳಿ, ಮುಗೀತು. ನನಗೆ ಬೇಕಾದವರೇ ಬೇರೆ. ಕಾರ್ಟೂನಿನ ಹಿಂದಿನ ಸಾಲಿನಲ್ಲಿ ಹಾರಿಹೋದವರು. ಒಂದು ಕಂತಿನಲ್ಲಿ ಬಂದು ಮತ್ತೆ ಮುಖ ತೋರಿಸದವರು. ಅಂಗಡಿಗೆ ಗೊಂಬೆಯಾಗಿ ಬಂದರೂ ಕಾರ್ಟೂನಿನಲ್ಲಿ ಜಾಗ ಸಿಗದವರು. ಇವರನ್ನು ಹುಡುಕುವ ದಾರಿ ಬೇರೆ, ತಗೊಳ್ಳುವ ದಾರಿ ಬೇರೆ, ಇಟ್ಟುಕೊಳ್ಳುವ ದಾರಿಯೂ ಸ್ವಲ್ಪ ಬೇರೆಯೇ.

ನಾನು ಮಂಡ್ಯದ ಪೇಟೆ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. ಸಣ್ಣ ಸ್ಕ್ರೂ, ಸಣ್ಣ ಕೀಲು, ಸಣ್ಣ ಸ್ಪ್ರಿಂಗು, ದಿನಾ ಇದೇ ಕೆಲಸ. ಹಾಗಾಗಿ ಈ ಹುಚ್ಚಿಗೆ ಬೇಕಾದ ಸಾಮಾನು ಅರ್ಧ ಮೊದಲೇ ಅಂಗಡಿಯಲ್ಲಿತ್ತು. ಈ ಕಾರ್ಟೂನುಗಳನ್ನು ನಾನು ನೋಡಿದ್ದು ಮೀಸೆ ಬಂದ ಮೇಲೆ, ಕಂಪ್ಯೂಟರಿನಲ್ಲಿ. ಚಿಕ್ಕಂದಿನ ನೆನಪಿಗಾಗಿ ಕೂಡಿಸುತ್ತಿಲ್ಲ. ಬೇರೆಯವರು ಬಿಟ್ಟದ್ದನ್ನು ಹುಡುಕಿ ತರುವ ಚಟ, ಅಷ್ಟೇ.

ಯಾರು ಇವರು

ಹಿಂದಿನ ಕಥೆ ಸ್ವಲ್ಪ ಗೊತ್ತಿರಬೇಕು. ಜಪಾನಿನ ಟಕಾರಾ ಕಂಪನಿ ಡಯಾಕ್ಲೋನ್, ಮೈಕ್ರೋಮ್ಯಾನ್ ಅಂತ ಎರಡು ಸಾಲು ಗೊಂಬೆ ಮಾಡುತ್ತಿತ್ತು. ಅವುಗಳಲ್ಲಿ ಕೆಲವು ಕಾರು, ವಿಮಾನ, ಕ್ಯಾಸೆಟ್ ಪ್ಲೇಯರು. ಬಿಚ್ಚಿ ತಿರುಗಿಸಿದರೆ ರೋಬೋಟು. ಅಮೆರಿಕದ ಹಾಸ್‌ಬ್ರೋ ಅವನ್ನು ತಗೊಂಡು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಅನ್ನುವ ಹೆಸರಿನಲ್ಲಿ ಮಾರಿತು. ಡಯಾಕ್ಲೋನಿನಲ್ಲಿ ಇವು ಒಳಗೆ ಮನುಷ್ಯ ಕೂತು ನಡೆಸುವ ಯಂತ್ರಗಳಾಗಿದ್ದವು. ಅಮೆರಿಕಕ್ಕೆ ಹೋದ ಮೇಲೆ ಒಬ್ಬೊಬ್ಬರಿಗೂ ಜೀವ ಬಂತು, ಹೆಸರು ಬಂತು, ಸ್ವಭಾವ ಬಂತು. ಆ ಹೆಸರುಗಳಲ್ಲಿ ಬಹುಪಾಲು ಇಟ್ಟವರು ಮಾರ್ವೆಲ್ ಕಾಮಿಕ್ಸಿನ ಬಾಬ್ ಬುಡಿಯಾನ್ಸ್ಕಿ. ಅದೇ ಸೆಪ್ಟೆಂಬರಿನಲ್ಲಿ ಕಾರ್ಟೂನ್ ಶುರುವಾಯಿತು. ಕಾರ್ಟೂನ್ ಅಂದರೂ ಅದು ಅರ್ಧ ಗಂಟೆಯ ಜಾಹೀರಾತೇ ಅಲ್ವಾ? ಮಾರಬೇಕಾದ ಗೊಂಬೆಗೆ ಮಾತು ಜಾಸ್ತಿ. ಉಳಿದವರು ಜಾಗ ತುಂಬಿಸಲು.

ಈ ಉಳಿದವರಲ್ಲೇ ಬೇರೆ ಬೇರೆ ಬಗೆ ಇದೆ.

ಒಂದು ಬಗೆಯವರು ಕಾರ್ಟೂನಿನಲ್ಲಿ ಇದ್ದರು, ಗೊಂಬೆ ಇರಲಿಲ್ಲ. 1985ರ ಒಂದು ಕಂತಿನಲ್ಲಿ ಎಲಿಟಾ ವನ್ ಅನ್ನುವವಳ ಮುಂದಾಳತ್ವದಲ್ಲಿ ಹೆಣ್ಣು ಆಟೋಬಾಟುಗಳ (ಆಪ್ಟಿಮಸ್ ಪ್ರೈಮ್ ಪಕ್ಷದ ರೋಬೋಟುಗಳು) ಒಂದು ತಂಡ ಬರುತ್ತದೆ. ಕ್ರೋಮಿಯಾ, ಮೂನ್‌ರೇಸರ್, ಫೈರ್‌ಸ್ಟಾರ್, ಜೊತೆಗೆ ಇನ್ನಿಬ್ಬರು. ಆ ಇಬ್ಬರಿಗೆ ಕಂತಿನಲ್ಲಿ ಹೆಸರೂ ಇಲ್ಲ. ಗ್ರೀನ್‌ಲೈಟ್, ಲ್ಯಾನ್ಸರ್ ಅನ್ನುವ ಹೆಸರು ಅವರಿಗೆ ಅಂಟಿಕೊಂಡದ್ದು ಎಷ್ಟೋ ಕಾಲದ ಮೇಲೆ. ಇವರ ಗೊಂಬೆಗಾಗಿ ಜನ ಮೂವತ್ತು ವರ್ಷದ ಮೇಲೆ ಕಾದರು. ಎಲಿಟಾ, ಮೂನ್‌ರೇಸರ್ ಇಬ್ಬರೂ 2018ರಲ್ಲಿ ಪವರ್ ಆಫ್ ದ ಪ್ರೈಮ್ಸ್ ಸಾಲಿನಲ್ಲಿ ಬಂದರು. 1986ರ ಸಿನಿಮಾದಲ್ಲಿ ಬಂದ ಆರ್ಸೀ ಅಷ್ಟು ಜನಪ್ರಿಯಳಾದರೂ ಅವಳಿಗೂ ಆಗ ಗೊಂಬೆ ಇರಲಿಲ್ಲ. ಕಾರ್ಟೂನಿನ ಆಕಾರಕ್ಕೆ ಹೊಂದುವ ಆರ್ಸೀ ಅಂಗಡಿಗೆ ಬಂದದ್ದು 2014ರಲ್ಲಿ. ಹೆಣ್ಣು ರೋಬೋಟನ್ನು ಗಂಡು ಹುಡುಗರು ಕೊಳ್ಳುವುದಿಲ್ಲ ಅನ್ನುವ ಲೆಕ್ಕಾಚಾರ ಇದರ ಹಿಂದೆ ಇತ್ತು ಅಂತ ನನ್ನ ಅನುಮಾನ.

ಇನ್ನೊಂದು ಬಗೆ ಇದರ ತಲೆಕೆಳಗು. ಗೊಂಬೆ ಇದೆ, ಕಾರ್ಟೂನಿನಲ್ಲಿ ಆಳಿಲ್ಲ. 1985ರಲ್ಲಿ ರೋಡ್‌ಬಸ್ಟರ್ ಅಂತ ಒಂದು ಜೀಪು, ವರ್ಲ್ ಅಂತ ಒಂದು ಹೆಲಿಕಾಪ್ಟರು ಅಂಗಡಿಗೆ ಬಂದವು. ಅವುಗಳ ಜೊತೆಯಲ್ಲೇ ಬ್ಯಾರೇಜ್, ಚಾಪ್ ಶಾಪ್, ರ‍್ಯಾನ್‌ಸ್ಯಾಕ್, ವೆನಮ್ ಅನ್ನುವ ನಾಲ್ಕು ದೊಡ್ಡ ಹುಳುಗಳೂ ಬಂದವು. ಇವು ಟಕಾರಾದ ಗೊಂಬೆಗಳಲ್ಲ, ಟಕಾಟೋಕು ಅನ್ನುವ ಬೇರೆ ಜಪಾನಿ ಕಂಪನಿಯವು. ಅಮೆರಿಕದ ಕಾರ್ಟೂನಿನಲ್ಲಿ ಒಂದಕ್ಕೂ ಜಾಗ ಸಿಗಲಿಲ್ಲ. ಜೆಟ್‌ಫೈರ್ ಕೂಡ ಟಕಾಟೋಕುವಿನದೇ ವಿಮಾನ. ಆ ಕಂಪನಿ ಮುಳುಗಿ ಅಚ್ಚು ಟಕಾರಾದ ಎದುರಾಳಿ ಬಾಂಡಾಯ್ ಪಾಲಾಯಿತು. ಅದಕ್ಕೇ ಕಾರ್ಟೂನಿನವರು ಅವನ ಹೆಸರನ್ನೂ ಮುಖವನ್ನೂ ಬದಲಿಸಿ ಸ್ಕೈಫೈರ್ ಅಂತ ಮಾಡಿ ತೋರಿಸಿದರು.

ಜಪಾನಿನವರು ತಾವೇ ಮಾಡಿಕೊಂಡ ಸರಣಿಗಳವರು ಬೇರೆ. 1987ರ ಹೆಡ್‌ಮಾಸ್ಟರ್ಸ್, 1988ರ ಮಾಸ್ಟರ್‌ಫೋರ್ಸ್, 1989ರ ವಿಕ್ಟರಿ. 1990ರ ಝೋನ್ ಅಂತೂ ಒಂದೇ ಕಂತಿಗೆ ನಿಂತುಹೋಯಿತು. ಅದರ ನಾಯಕ ಡೈ ಅಟ್ಲಾಸ್ ಒಂದೇ ಕಂತಿನ ನಾಯಕ. ಪಾಪ ಅನ್ನಿಸುತ್ತದೆ.

ಕೊನೆಗೆ ಎದುರಾಳಿಗಳು. ಟೋಂಕಾ ಕಂಪನಿ ಬಾಂಡಾಯ್‌ನ ಮಷೀನ್ ರೋಬೋ ಗೊಂಬೆಗಳನ್ನು ತಂದು ಗೋಬಾಟ್ಸ್ ಅಂತ ಮಾರಿತು. ಹ್ಯಾನಾ ಬಾರ್ಬೆರಾದವರು 1984ರಲ್ಲಿ ಅದಕ್ಕೊಂದು ಕಾರ್ಟೂನನ್ನೂ ಮಾಡಿದರು. ಟೋಂಕಾವನ್ನು ಹಾಸ್‌ಬ್ರೋ 1991ರಲ್ಲಿ ಕೊಂಡುಕೊಂಡಿತು. ಅಲ್ಲಿಗೆ ಗೋಬಾಟ್ಸ್ ಕಥೆ ಮುಗಿಯಿತು ಅನ್ನಬೇಕು. ಇವರಲ್ಲಿ ನನಗೆ ಅಚ್ಚುಮೆಚ್ಚು ರಾಕ್ ಲಾರ್ಡ್ಸ್. 1986ರಲ್ಲಿ ಬಂದವು. ಕಾರಾಗಲ್ಲ, ವಿಮಾನ ಆಗಲ್ಲ. ಮಡಚಿದರೆ ಕಲ್ಲು! ಬರೀ ಕಲ್ಲು. ಯಾವ ಪುಣ್ಯಾತ್ಮನ ತಲೆಯಲ್ಲಿ ಇದು ಹೊಳೆಯಿತೋ, ಅವನಿಗೆ ನನ್ನದೊಂದು ನಮಸ್ಕಾರ.

ಮೊದಲು ಅಚ್ಚು, ಆಮೇಲೆ ಹೆಸರು, ಕೊನೆಗೆ ದುಡ್ಡು

ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅಪರೂಪದ ಪಾತ್ರಕ್ಕೆ ಕಂಪನಿ ಹೊಸ ಅಚ್ಚು ಮಾಡಿಸುವುದು ಕಡಿಮೆ. ಉಕ್ಕಿನ ಅಚ್ಚಿಗೆ ಖರ್ಚು ಜಾಸ್ತಿ. ಹಾಗಾಗಿ ನಾಯಕನಿಗೆ ಮಾಡಿಸಿದ ಅಚ್ಚಿನಲ್ಲೇ ಬೇರೆ ಬಣ್ಣದ ಪ್ಲಾಸ್ಟಿಕ್ ಸುರಿಯುತ್ತಾರೆ. ಬೇಕಾದರೆ ತಲೆಯೊಂದನ್ನು ಬದಲಿಸುತ್ತಾರೆ. ನಮ್ಮ ಕಡೆಯ ಆಲೆಮನೆಯಲ್ಲಿ ಒಂದೇ ಮರದ ಅಚ್ಚಿನಿಂದ ಒಂದು ದಿನ ಕಪ್ಪು ಬೆಲ್ಲ, ಇನ್ನೊಂದು ದಿನ ಹಳದಿ ಬೆಲ್ಲ ಏಳುವುದಿಲ್ಲವೇ, ಹಾಗೆ.

1984ರ ಸ್ಟಾರ್‌ಸ್ಕ್ರೀಮ್, ಸ್ಕೈವಾರ್ಪ್, ಥಂಡರ್‌ಕ್ರ್ಯಾಕರ್ ಮೂವರೂ ಒಂದೇ ಅಚ್ಚಿನ ಯುದ್ಧವಿಮಾನ. ಮರುವರ್ಷ ರೆಕ್ಕೆ, ಮೂತಿ ಬದಲಿಸಿದರೆ ರ‍್ಯಾಮ್‌ಜೆಟ್, ಥ್ರಸ್ಟ್, ಡರ್ಜ್. ಪ್ರೌಲ್, ಬ್ಲೂಸ್ಟ್ರೀಕ್, ಸ್ಮೋಕ್‌ಸ್ಕ್ರೀನ್ ಮೂವರೂ ಒಂದೇ ಡಾಟ್ಸನ್ ಕಾರು. ಕಾರ್ಟೂನ್ ಬಿಡಿಸುವವರೂ ಇದೇ ಉಪಾಯ ಮಾಡಿದರು. ಅದೇ ವಿಮಾನದ ಚಿತ್ರಕ್ಕೆ ಬೇರೆ ಬಣ್ಣ ತುಂಬಿ ಗುಂಪು ತೋರಿಸಿದರು. ಮೊದಲ ವರ್ಷದ ಒಂದು ಕಂತಿನಲ್ಲಿ ಆಮ್ಲದ ಮಳೆ ಸುರಿಸುವ ವಿಮಾನಗಳು ಬರುತ್ತವೆ. ಹಸಿರು, ಹಳದಿ, ನೀಲಿ. ಅವರಿಗೆ ಹೆಸರಿಲ್ಲ, ಮಾತಿಲ್ಲ. ನೋಡಿದವರು ರೇನ್‌ಮೇಕರ್ಸ್ ಅಂತ ಕರೆದರು. ಆಮೇಲೆ ಹಸಿರಿನವನು ಆಸಿಡ್ ಸ್ಟಾರ್ಮ್, ಹಳದಿಯವನು ನೋವಾ ಸ್ಟಾರ್ಮ್, ನೀಲಿಯವನು ಅಯಾನ್ ಸ್ಟಾರ್ಮ್ ಆದರು. ಸೀಜ್ ಅನ್ನುವ ಗೊಂಬೆ ಸಾಲಿನಲ್ಲಿ ಮೂವರಿಗೂ ಗೊಂಬೆ ಬಂತು, ಅದೂ ಸ್ಟಾರ್‌ಸ್ಕ್ರೀಮಿನ ಅಚ್ಚಿನಲ್ಲಿ.

ಇದರಿಂದ ಕೊಳ್ಳುವವನಿಗೆ ಏನು ಲಾಭ? ಬಹಳ. ಸ್ಟಾರ್‌ಸ್ಕ್ರೀಮಿನ ಅಚ್ಚು ನಿಮ್ಮ ಕೈಗೆ ಪರಿಚಯ ಇದ್ದರೆ, ಸಾಮಾನಿನ ರಾಶಿಯಲ್ಲಿ ಬರೀ ಒಂದು ಹಸಿರು ರೆಕ್ಕೆ ಕಂಡರೂ ಗುರುತು ಹಿಡಿಯುತ್ತೀರಿ. ಯಾವ ಕೀಲು ಸಡಿಲ ಆಗುತ್ತದೆ, ಯಾವ ಭಾಗ ಕಳೆದುಹೋಗುತ್ತದೆ, ಯಾವ ಗನ್ನು ಹೊಂದುತ್ತದೆ ಅನ್ನುವುದೆಲ್ಲ ಮೊದಲೇ ಗೊತ್ತಿರುತ್ತದೆ. ಮುರಿದುಹೋದ ಸ್ಟಾರ್‌ಸ್ಕ್ರೀಮ್ ಅಗ್ಗಕ್ಕೆ ಸಿಕ್ಕರೆ ಅದರ ಸ್ಕ್ರೂ, ಚಕ್ರ, ಪಿನ್ನು ನಿಮ್ಮ ಅಪರೂಪದವನಿಗೆ ಆಗುತ್ತವೆ. ಅದಕ್ಕೇ ಹೇಳುವುದು, ನಾಯಕರ ಗೊಂಬೆ ಸುಮ್ನೆ ದೂರ ಮಾಡಬೇಡಿ. ಒಂದು ಅಚ್ಚಿಗೆ ಒಂದು ಹಳೆಯ ಗೊಂಬೆ ಇಟ್ಟುಕೊಳ್ಳಿ, ಕಲಿಯಲು ಮತ್ತು ಬಿಡಿಭಾಗಕ್ಕೆ.

ಹೊಸಬರು ಮಾಡಬೇಕಾದ ಮೊದಲ ಕೆಲಸ ಕಾರ್ಟೂನ್ ನೋಡುವುದು, ಅದೂ ಹಿಂದಿನ ಸಾಲು ನೋಡುತ್ತಾ. ಗುಂಪಿನ ದೃಶ್ಯ ಬಂದಾಗ ನಿಲ್ಲಿಸಿ. ಬಣ್ಣ ಬರೆದುಕೊಳ್ಳಿ. ಅಂಗಡಿಯ ಹಳೆಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ನಾನು ಬರೆಯುತ್ತೇನೆ: ಪಾತ್ರ, ಕಂತು, ಯಾವ ಅಚ್ಚು, ಗೊಂಬೆ ಬಂದ ವರ್ಷ, ಜೊತೆಗೆ ಬರಬೇಕಾದ ಸಾಮಾನು. ಇಷ್ಟು ಬರೆದ ಮೇಲೆಯೇ ಹುಡುಕಲು ಹೊರಡುವುದು. ಮೊದಲು ಕೊಂಡು ಆಮೇಲೆ ಯಾರು ಅಂತ ಹುಡುಕುವವರು ವರ್ಷದೊಳಗೆ ಒಂದು ಬೀರು ತುಂಬಿಸಿ ಬೇಸರಪಟ್ಟುಕೊಳ್ಳುತ್ತಾರೆ.

ಒಂದು ಗೆರೆ ಹಾಕಿಕೊಳ್ಳಿ. ಬರೀ ವಿಮಾನ, ಬರೀ ಹುಳು, ಬರೀ ಝೋನ್, ಏನೋ ಒಂದು. ನನ್ನ ಗೆರೆ ಎರಡು: ರೇನ್‌ಮೇಕರ್ಸ್ ಥರದ ಹೆಸರಿಲ್ಲದ ವಿಮಾನಗಳು, ಮತ್ತೆ ಕಲ್ಲಾಗುವವರು. ಅಳತೆಯನ್ನೂ ಮೊದಲೇ ಗೊತ್ತುಮಾಡಿ. ಈಗಿನ ಗೊಂಬೆಗಳಲ್ಲಿ ಕೋರ್ ಅಂದರೆ ಸುಮಾರು 9 ಸೆಂ.ಮೀ., ಡಿಲಕ್ಸ್ ಸುಮಾರು 14, ವಾಯೇಜರ್ ಸುಮಾರು 18. ಕೋರ್ ಅಗ್ಗ, ಜಾಗವೂ ಕಮ್ಮಿ ಸಾಕು. ಆದರೆ ಒಂದೇ ಪಾತ್ರ ಮೂರು ಅಳತೆಯಲ್ಲಿ ಬರುತ್ತದೆ, ಮೂರನ್ನೂ ಕೊಳ್ಳಬೇಕು ಅನ್ನಿಸುತ್ತದೆ. ಅನ್ನಿಸಲಿ ಬಿಡಿ, ಕೊಳ್ಳಬೇಡಿ.

ಎಲ್ಲಿ ಸಿಗುತ್ತವೆ

ನಮ್ಮ ದೇಶದ ಅಂಗಡಿಯಲ್ಲಿ ಇವು ಯಾಕೆ ಕಾಣುವುದಿಲ್ಲ ಅನ್ನುವುದಕ್ಕೆ ಕಾರಣ ಇದೆ. 2021ರ ಜನವರಿ 1ರಿಂದ ಆಟಿಕೆಗೆ ಬಿಐಎಸ್ ಗುರುತು, ಅಂದರೆ ಸರ್ಕಾರದ ಗುಣಮಟ್ಟದ ಮುದ್ರೆ, ಕಡ್ಡಾಯ ಆಯಿತು. ಹೊರಗಿನಿಂದ ಬರುವ ಆಟಿಕೆಯ ಮೇಲಿನ ಸುಂಕ 2020ರಲ್ಲಿ 20ರಿಂದ 60 ಶೇಕಡಾಕ್ಕೆ ಏರಿತು, 2023ರಲ್ಲಿ 70ಕ್ಕೆ. ಇಷ್ಟು ಖರ್ಚು ಮಾಡಿ ತರಿಸುವ ವ್ಯಾಪಾರಿ ಓಡುವ ಸರಕನ್ನೇ ತರಿಸುತ್ತಾನೆ. ಬಂಬಲ್‌ಬೀ ತರಿಸುತ್ತಾನೆ, ನೋವಾ ಸ್ಟಾರ್ಮ್ ಯಾಕೆ ತರಿಸುತ್ತಾನೆ? ನಾನೂ ವ್ಯಾಪಾರಿಯೇ. ಓಡದ ಫ್ರೇಮನ್ನು ನಾನೂ ತರಿಸುವುದಿಲ್ಲ.

ಹಾಗಾಗಿ ಉಳಿದ ದಾರಿಗಳು ಇವು.

ಗುಜರಿ. ಭಾನುವಾರ ಬೆಳಗ್ಗೆ ರೈಲಿನಲ್ಲಿ ಮೈಸೂರಿಗೆ ಹೋಗಿ ಮಂಡಿ ಮೊಹಲ್ಲಾ ಕಡೆಯ ಗುಜರಿ ಅಂಗಡಿಗಳನ್ನು ಸುತ್ತುವುದು ನನ್ನ ರೂಢಿ. ಅಲ್ಲಿ ರೋಬೋಟ್ ಅಂತ ಕೇಳಬಾರದು. ಕೇಳಿದರೆ ರೇಟು ಏರುತ್ತದೆ, ಇಲ್ಲವೇ "ಅದೆಲ್ಲ ಇಲ್ಲ ಸಾರ್" ಅಂತ ತಲೆ ಆಡಿಸುತ್ತಾರೆ. ಮಕ್ಕಳ ಪ್ಲಾಸ್ಟಿಕ್ ಸಾಮಾನಿನ ಮೂಟೆ ಎಲ್ಲಿ ಅಂತ ಕೇಳಿ. ಮನೆ ಖಾಲಿ ಮಾಡಿದವರ ಸಾಮಾನಿನಲ್ಲಿ, ಅದರಲ್ಲೂ ಮಕ್ಕಳು ಹೊರದೇಶದಲ್ಲಿರುವ ಹಿರಿಯರ ಮನೆಯ ಸಾಮಾನಿನಲ್ಲಿ, ಒಮ್ಮೊಮ್ಮೆ ಒಳ್ಳೆಯದು ಬೀಳುತ್ತದೆ. ಕಾರಿನ ಥರ ಕಾಣುವ ಆದರೆ ಕೆಳಗೆ ಮುಷ್ಟಿ ಇಣುಕುವ ಗೊಂಬೆ ಸಿಕ್ಕರೆ ಅಲ್ಲೇ ಬಿಚ್ಚಲು ಹೋಗಬೇಡಿ. ಬೇರೆ ಎರಡು ಸಾಮಾನಿನ ಜೊತೆ ಸೇರಿಸಿ ಒಟ್ಟಿಗೆ ರೇಟು ಕೇಳಿ. ಈ ದಾರಿಯಲ್ಲಿ ಸಿಗುವುದು ಕಮ್ಮಿ, ಖಾಲಿ ಕೈಯಲ್ಲಿ ವಾಪಸ್ ಬರುವ ವಾರವೇ ಜಾಸ್ತಿ. ಆದರೂ ವಾಪಸ್ ಬರುವಾಗ ಹೋಟೆಲಿನ ಮಸಾಲೆ ದೋಸೆ ಇದ್ದೇ ಇದೆ.

ನೆಂಟರು. ಹೊರದೇಶದಲ್ಲಿ ಇರುವ ನೆಂಟರು ಬೇಸಿಗೆಗೋ ದಸರಾಕ್ಕೋ ಬರುವಾಗ ಪೆಟ್ಟಿಗೆಯಲ್ಲಿ ಒಂದು ಡಿಲಕ್ಸ್‌ಗೆ ಜಾಗ ಇರುತ್ತದೆ. ನಮ್ಮಕ್ಕನ ಮಗಳು ಅಮೆರಿಕದಲ್ಲಿದ್ದಾಳೆ. ಅವಳಿಗೆ ಹೆಸರು ಹೇಳಿ ಫಲ ಇಲ್ಲ. ಡಬ್ಬದ ಫೋಟೋ, ಬಾರ್‌ಕೋಡಿನ ಅಂಕಿ, ಎಷ್ಟು ರೇಟಿನವರೆಗೆ ಸರಿ, ಮೂರನ್ನೂ ಕಳಿಸಬೇಕು. ಅಂಗಡಿಯಲ್ಲಿ ನಿಂತು ಫೋನ್ ಮಾಡುತ್ತಾಳೆ.

"ಮಾವ, ಇಲ್ಲಿ ಹಸಿರು ಇಲ್ಲ, ಕೆಂಪು ಇದೆ. ಅದೇ ವಿಮಾನ. ತಗೊಳ್ಳಲಾ?"

"ಬೇಡಮ್ಮ, ಕೆಂಪಿನವನು ಬೇರೆ ಆಳು."

"ಬಣ್ಣ ತಾನೇ ಬೇರೆ, ಮಾವ?"

ಈ ಪ್ರಶ್ನೆಗೆ ಉತ್ತರ ಕೊಡಲು ಹೋಗಬೇಡಿ. ಬೇಡ ಅಂತ ಹೇಳಿ ಸುಮ್ಮನಾಗಿ. ಅವರು ಹೊತ್ತು ತರುವುದೇ ದೊಡ್ಡ ಉಪಕಾರ. ಡಬ್ಬ ಜಾಗ ತಿನ್ನುತ್ತದೆ, ಹಾಗಾಗಿ ಡಬ್ಬ ಬಿಚ್ಚಿ ಗೊಂಬೆ ಮಾತ್ರ ತರಲು ಹೇಳಿ. ಆದರೆ ಮಡಚುವ ಬಗೆ ತೋರಿಸುವ ಕಾಗದ ಮರೆಯದೆ ತರಬೇಕು. ಗನ್ನು, ಕತ್ತಿಗಳು ಒಳಗಿನ ರಟ್ಟಿಗೆ ಕಟ್ಟಿರುತ್ತವೆ. ರಟ್ಟಿನ ಜೊತೆ ಅವೂ ಕಸದ ಬುಟ್ಟಿಗೆ ಹೋಗದಂತೆ ಮೊದಲೇ ಹೇಳಿ.

ಆನ್‌ಲೈನು. ದೇಶದೊಳಗಿನ ಕೈಬದಲು ಸಾಮಾನಿಗೆ ಇದು ಒಳ್ಳೆಯದು. ಹೊರಗಿನಿಂದ ತರಿಸಿದರೆ ಪಾರ್ಸಲ್ ಕಸ್ಟಮ್ಸಿನಲ್ಲಿ ನಿಲ್ಲುವ ಸಂಭವ ಇದೆ. ಸುಂಕವನ್ನೂ ಸೇರಿಸಿ ಲೆಕ್ಕ ಹಾಕಿದರೆ ಎದೆ ಧಸಕ್ ಅನ್ನುತ್ತದೆ. ಮಾರುವವನಿಗೆ ಕೇಳಬೇಕಾದ ಫೋಟೋಗಳು: ರೋಬೋಟಾಗಿ ಮುಂದೆ ಹಿಂದೆ, ವಾಹನವಾಗಿ ಕೆಳಭಾಗ, ಕೀಲುಗಳು ಹತ್ತಿರದಿಂದ, ಕಂಪನಿಯ ಮುದ್ರೆ. ಒಬ್ಬ ಮಾರಾಟಗಾರ ನನಗೆ ಹಳೆಯ ಜಪಾನಿ ಮಾಲು ಅಂತ ಕಳಿಸಿದ್ದು ಮುದ್ರೆಯೇ ಇಲ್ಲದ ನಕಲು. ಮುದ್ರೆಯ ಫೋಟೋ ಕೇಳಿದಾಗಲೆಲ್ಲ ಮನೆಯಲ್ಲಿ ಬೆಳಕಿಲ್ಲ ಅನ್ನುತ್ತಿದ್ದ. ಬೆಳಕಿಲ್ಲ ಅನ್ನುವವನ ಹತ್ತಿರ ಕೊಳ್ಳಬೇಡಿ.

ಕೈಗೆ ಬಂದ ಮೇಲೆ ನೋಡುವುದು ಏನು

ಮುದ್ರೆ ಮೊದಲು. ಕಾಲಿನ ಒಳಗೋ ಬೆನ್ನಿಗೋ ವಾಹನದ ಕೆಳಗೋ ಇರುತ್ತದೆ. ನನ್ನ ಹತ್ತಿರ ಲೂಪ್ (ಕಣ್ಣಿಗೆ ಹಿಡಿಯುವ ಸಣ್ಣ ಭೂತಗನ್ನಡಿ) ಇದೆ, ಇಲ್ಲದವರು ಫೋನಿನ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ. ಹಳೆಯದರಲ್ಲಿ ಹಾಸ್‌ಬ್ರೋ ಜೊತೆ ಟಕಾರಾ ಅಂತ ಇರುತ್ತದೆ. ಟಕಾರಾ ಮತ್ತು ಟೋಮಿ ಕಂಪನಿಗಳು ಒಂದಾದದ್ದು 2006ರಲ್ಲಿ. ಟೋಮಿ ಅಂತ ಬರೆದ ಟ್ರಾನ್ಸ್‌ಫಾರ್ಮರನ್ನು 1985ರ ಮಾಲು ಅಂತ ಯಾರಾದರೂ ಹೇಳಿದರೆ ನಕ್ಕು ಎದ್ದು ಬನ್ನಿ. ಮುದ್ರೆಯ ಇಸವಿ ಅಚ್ಚಿನದು, ಆ ಗೊಂಬೆ ತಯಾರಾದ ವರ್ಷವೇ ಆಗಬೇಕು ಅಂತಿಲ್ಲ. ನಕಲಿನಲ್ಲಿ ಮುದ್ರೆ ಒರೆಸಿಹೋದ ಹಾಗೆ ಇರುತ್ತದೆ ಅಥವಾ ಆ ಜಾಗ ಚೌಕವಾಗಿ ಬೋಳು. ಅಂಚುಗಳಲ್ಲಿ ಪ್ಲಾಸ್ಟಿಕ್ ಚೂರು ಉಳಿದಿರುತ್ತದೆ. ಮೂಗಿಗೆ ಸೀಮೆಎಣ್ಣೆ ಥರದ ವಾಸನೆ ಬಂದರೂ ಅನುಮಾನ ಪಡಿ.

1985ರಿಂದ ಬಂದ ಎಷ್ಟೋ ಗೊಂಬೆಗಳಲ್ಲಿ ಒಂದು ಚೌಕ ಸ್ಟಿಕರ್ ಇರುತ್ತದೆ. ಬೆರಳಿನಿಂದ ಉಜ್ಜಿದರೆ ಬಿಸಿಗೆ ಬಣ್ಣ ಬದಲಾಗಿ ಯಾವ ಪಕ್ಷ ಅನ್ನುವ ಗುರುತು ಕಾಣುತ್ತದೆ. ಅಸಲಿ ಮಾಲು ಗುರುತಿಸಲು ಅಂತಲೇ ತಂದ ಉಪಾಯ ಅದು. ಈಗ ಎಷ್ಟೋ ಸ್ಟಿಕರುಗಳ ಬಿಸಿ ಆರಿಹೋಗಿದೆ, ಅದು ಕೆಲಸ ಮಾಡದಿದ್ದರೆ ನಕಲು ಅಂತ ತಿಳಿಯಬೇಡಿ.

ಹಳೆಯ ಡಬ್ಬದ ಹಿಂಬದಿಯ ರಟ್ಟು ಸಿಕ್ಕರೆ ಎತ್ತಿಟ್ಟುಕೊಳ್ಳಿ. ಅದರಲ್ಲಿ ಪಾತ್ರದ ಬಲ, ಬುದ್ಧಿ, ವೇಗದ ಗೆರೆಚಿತ್ರ ಕೆಂಪು ಗೀಚಿನಡಿ ಬಚ್ಚಿಟ್ಟಿರುತ್ತದೆ. ಓದಲು ಕೆಂಪು ಹಾಳೆಯ ಒಂದು ಪಟ್ಟಿ ಡಬ್ಬದಲ್ಲೇ ಕೊಡುತ್ತಿದ್ದರು. ಅದು ಯಾರ ಹತ್ತಿರ ಉಳಿದಿದೆ? ನಾನು ಕಣ್ಣು ಪರೀಕ್ಷೆಯ ಲೆನ್ಸ್ ಪೆಟ್ಟಿಗೆಯ ಕೆಂಪು ಗಾಜು ಹಿಡಿದು ಓದುತ್ತೇನೆ. ನಿಮಗೆ ಯಾವುದಾದರೂ ಕೆಂಪು ಬಣ್ಣದ ಪಾರದರ್ಶಕ ಹಾಳೆ ಸಾಕು.

ಇನ್ನೊಂದನ್ನು ಮರೆಯಬೇಡಿ. ಪ್ಲಾಸ್ಟಿಕ್ಕಿನ ಒಳಗೇ ಚಿನ್ನದ ಪುಡಿ ಸುಳಿ ಸುಳಿಯಾಗಿ ಕಂಡರೆ ಕೈ ಹಿಂದೆ ತಗೊಳ್ಳಿ. 1980ರ ದಶಕದ ಕೊನೆಯಿಂದ ಮುಂದಿನ ಹತ್ತಾರು ವರ್ಷದ ಕೆಲವು ಗೊಂಬೆಗಳಲ್ಲಿ ಈ ಬಗೆಯ ಪ್ಲಾಸ್ಟಿಕ್ ಬಳಸಿದರು. ಕಾಲ ಕಳೆದ ಹಾಗೆ ಅದು ಒಣಗಿದ ಬಿಸ್ಕತ್ತಾಗುತ್ತದೆ. ಬಿಚ್ಚಲು ಹೋದರೆ ಪಿನ್ನಿನ ಸುತ್ತ ಪುಡಿ. ಅಂಟು ಹಾಕಿದರೂ ನಿಲ್ಲುವುದಿಲ್ಲ. ಅಂಥದ್ದು ಬೇಕೇ ಬೇಕು ಅನ್ನಿಸಿದರೆ ಯಾವ ರೂಪದಲ್ಲಿ ಸಿಕ್ಕಿತೋ ಅದೇ ರೂಪದಲ್ಲಿ ಇಟ್ಟುಬಿಡಿ, ಮಡಚುವ ಆಸೆ ಬಿಡಿ.

ಬಿಚ್ಚುವುದು, ತೊಳೆಯುವುದು, ಬಿಗಿ ಮಾಡುವುದು

ಸ್ಕ್ರೂಡ್ರೈವರ್ ಸರಿಯಾದದ್ದು ಇರಬೇಕು. ಸೊನ್ನೆ ಮತ್ತು ಒಂದನೇ ನಂಬರಿನ ಪ್ಲಸ್ ತುದಿ ಎರಡು ಸಾಕು. ಹಳೆಯ ಜಪಾನಿ ಗೊಂಬೆಯ ಸ್ಕ್ರೂ ತಲೆಯ ಕೊರೆತ ಸ್ವಲ್ಪ ಬೇರೆ. ಮಾಮೂಲಿ ತುದಿ ಜಾರಿ ತಲೆ ಕೆರೆದುಹಾಕುತ್ತದೆ. ಮೇಲಿನಿಂದ ಗಟ್ಟಿಯಾಗಿ ಒತ್ತಿ ನಿಧಾನವಾಗಿ ತಿರುಗಿಸಬೇಕು. ಬಿಚ್ಚಿದ ಸ್ಕ್ರೂಗಳನ್ನು ಒಂದು ಕಾಗದದ ಮೇಲೆ ಗೊಂಬೆಯ ಆಕಾರ ಬರೆದು, ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಪ್ಲಾಸ್ಟಿಕ್ ತೂತು ಬಿದ್ದು ಆಚೆ ಬರುತ್ತದೆ. ಪಿನ್ನಿನ ಕೀಲನ್ನು ಸುಮ್ನೆ ಬಿಚ್ಚಬೇಡಿ. ಸ್ಕ್ರೂ ಮತ್ತೆ ಕೂರುತ್ತದೆ, ಪಿನ್ನು ಮತ್ತೆ ಅಷ್ಟು ಚೆನ್ನಾಗಿ ಕೂರುವುದಿಲ್ಲ.

ತೊಳೆಯಲು ಉಗುರು ಬೆಚ್ಚನೆಯ ನೀರು, ಒಂದು ಹನಿ ಶಾಂಪೂ, ಮಕ್ಕಳ ಮೆತ್ತನೆಯ ಬ್ರಷ್ಷು. ಅಷ್ಟೇ. ಕಬ್ಬಿಣದ ಸ್ಪ್ರಿಂಗು, ಬ್ಯಾಟರಿ ಜಾಗ ಇದ್ದರೆ ನೀರಿಗೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ನನ್ನ ಅಂಗಡಿಯಲ್ಲಿ ಕನ್ನಡಕ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರ ಇದೆ. ಬರೀ ಪ್ಲಾಸ್ಟಿಕ್ ಭಾಗಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಟಿಕರ್, ಬಣ್ಣ, ಬೆಳ್ಳಿ ಹೊಳಪಿನ ಭಾಗ ಅದರಲ್ಲಿ ಹಾಕಬಾರದು. ಆ ಬೆಳ್ಳಿ ಹೊಳಪು ತೀರಾ ತೆಳುವಾದ ಲೋಹದ ಪದರ, ಸ್ಪಿರಿಟ್ಟಿನಿಂದ ಉಜ್ಜಿದರೂ ಕಿತ್ತುಬರುತ್ತದೆ.

ಬಿಳಿಯದು ಹಳದಿಯಾಗಿದ್ದರೆ? ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಅದ್ದಿ ಬಿಸಿಲಿಗೆ ಇಡುವವರಿದ್ದಾರೆ. ಬೆಳ್ಳಗಾಗುವುದು ನಿಜ. ಆದರೆ ವರ್ಷ ಕಳೆದರೆ ಮತ್ತೆ ಹಳದಿ ತಿರುಗುವುದುಂಟು, ಬಿಸಿಲು ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ. ನನ್ನ ಮಟ್ಟಿಗೆ ಹಳದಿ ಇದ್ದರೆ ಇರಲಿ. ವಯಸ್ಸಾಗಿದೆ, ಗೊತ್ತಾಗಲಿ.

ಗುಂಡಿನ ಕೀಲು (ಬಾಲ್ ಜಾಯಿಂಟ್) ಸಡಿಲವಾಗಿ ಕೈ ಜೋತಾಡುತ್ತಿದ್ದರೆ ಫೆವಿಕಾಲ್ ಸಾಕು. ಕೈ ಬಿಚ್ಚಿ, ಗುಂಡಿನ ಮೇಲೆ ಕಡ್ಡಿಯಿಂದ ತೆಳುವಾಗಿ ಹಚ್ಚಿ, ಪೂರ್ತಿ ಒಣಗಲು ಬಿಡಿ. ಪಾರದರ್ಶಕ ಆದ ಮೇಲೆ ಜೋಡಿಸಿ. ಇನ್ನೂ ಸಡಿಲ ಇದ್ದರೆ ಇನ್ನೊಂದು ಪದರ. ಜಾಸ್ತಿಯಾದರೆ ಬಿಸಿ ನೀರಿನಲ್ಲಿ ನೆನೆಸಿ ತೆಗೆಯಬಹುದು. ತಕ್ಷಣ ಅಂಟುವ ಗೋಂದು ಈ ಕೆಲಸಕ್ಕೆ ಬೇಡ. ಕೀಲು ಕಲ್ಲಾಗಿ ನಿಂತುಬಿಡುತ್ತದೆ, ಅದರ ಹೊಗೆ ತಾಗಿ ಪಕ್ಕದ ಪಾರದರ್ಶಕ ಪ್ಲಾಸ್ಟಿಕ್ ಮಂಜಾಗುತ್ತದೆ.

ಮಡಚುವಾಗ ಎಲ್ಲಿಯಾದರೂ ಸಿಕ್ಕಿಕೊಂಡರೆ ಬಲ ಹಾಕುವ ಮೊದಲು ಬೇರೆ ಯಾವ ಭಾಗ ಅದನ್ನು ತಡೆಯುತ್ತಿದೆ ನೋಡಿ. ನೂರಕ್ಕೆ ತೊಂಬತ್ತು ಸಲ ಹಿಂದಿನ ಹೆಜ್ಜೆ ಒಂದು ಬಿಟ್ಟುಹೋಗಿರುತ್ತದೆ. ಟಕ್ ಟಕ್ ಅನ್ನುವ ಹಲ್ಲಿನ ಕೀಲು ಬೇರೆ, ಚಟ್ ಅನ್ನುವ ಮುರಿಯುವ ಸದ್ದು ಬೇರೆ. ಎರಡನ್ನೂ ಕಿವಿಗೆ ಅಭ್ಯಾಸ ಮಾಡಿಸಲು ಮುರಿದ ಹಳೆಯ ಗೊಂಬೆಯೇ ಸರಿ.

ಗನ್ನು ಕಳೆದಿದ್ದರೆ ತ್ರೀಡಿ ಪ್ರಿಂಟ್ ಮಾಡಿಕೊಡುವ ಎಂಜಿನಿಯರಿಂಗ್ ಹುಡುಗರು ಮೈಸೂರಿನಲ್ಲಿ ಇದ್ದಾರೆ. ಮುಷ್ಟಿಯ ತೂತು ಈಗಿನ ಹಾಸ್‌ಬ್ರೋ ಗೊಂಬೆಗಳಲ್ಲಿ ಸಾಮಾನ್ಯವಾಗಿ 5 ಮಿ.ಮೀ. ಆ ಅಳತೆ ಹೇಳಿ ಮಾಡಿಸಿ. ಮಾಡಿಸಿದ್ದಕ್ಕೆ ಒಳಗೆ ಸಣ್ಣ ಗುರುತು ಹಾಕಿಡಿ, ನಾಳೆ ಯಾರೋ ಅಸಲಿ ಅಂತ ಮಾರಬಾರದು.

ಇಡುವುದು

ಬಿಸಿಲು ಬೀಳುವ ಕಿಟಕಿಯ ಪಕ್ಕ ಬೇಡ. ಬೀದಿಯ ಧೂಳಿಗೆ ಗಾಜಿನ ಬಾಗಿಲ ಬೀರುವೇ ಮದ್ದು. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಬೇಡಿ, ಒಂದು ಬೇಸಿಗೆಯಲ್ಲಿ ಕರಗಿ ಮೈಗೆ ಅಂಟುತ್ತದೆ. ಮೆತ್ತನೆಯ ಪಿವಿಸಿ ಕವರೂ ಹಾಗೆಯೇ.

ನಮ್ಮ ಮನೆಗಳಲ್ಲಿ ಎಲ್ಲರೂ ಮಾಡುವ ಒಂದು ಕೆಲಸ ಇದೆ. ದಸರಾ ಗೊಂಬೆಗಳ ಟ್ರಂಕಿಗೆ ಹುಳ ಬೀಳದಿರಲಿ ಅಂತ ನ್ಯಾಫ್ತಲೀನ್ ಗುಳಿಗೆ ಹಾಕುವುದು. ಮರದ ಗೊಂಬೆಗೆ, ರೇಷ್ಮೆ ಬಟ್ಟೆಗೆ ಅದು ಸರಿ. ಪ್ಲಾಸ್ಟಿಕ್ ರೋಬೋಟನ್ನು ಆ ಟ್ರಂಕಿನಲ್ಲಿ ಇಡಬೇಡಿ. ಗುಳಿಗೆಯ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿ ಹಾಳುಮಾಡುತ್ತದೆ. ಬೇರೆ ಡಬ್ಬ, ಒಳಗೆ ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಚೀಟಿ. ಸಣ್ಣ ಭಾಗಗಳನ್ನು ಜಿಪ್ ಕವರಿಗೆ ಹಾಕಿ ಹೆಸರು ಬರೆದಿಡಿ.

ದಸರಾ ಬಂದಾಗ ನಮ್ಮಮ್ಮ ಗೊಂಬೆ ಕೂರಿಸುತ್ತಾರೆ. ಮೇಲೆ ಪಟ್ಟದ ಗೊಂಬೆ, ಆಮೇಲೆ ದಶಾವತಾರ, ಚನ್ನಪಟ್ಟಣದ ಗೊಂಬೆಗಳು, ಶೆಟ್ಟಿ ಅಂಗಡಿ. ನೆಲದ ಮೇಲಿನ ಊರು ಕಟ್ಟುವ ಜಾಗದಲ್ಲಿ ನನಗೆ ಒಂದು ಮೂಲೆ. ಅಲ್ಲಿ ನಾನು ಕಲಿತದ್ದು ಜೋಡಿಸುವ ಬಗೆ. ನೋಡಲು ಬರುವವರಿಗೆ ಹೆಸರು ಹೇಳಿದರೆ ತಲೆಗೆ ಹೋಗುವುದಿಲ್ಲ. ಒಂದೇ ಅಚ್ಚಿನ ನಾಲ್ವರನ್ನು ಸಾಲಾಗಿ ನಿಲ್ಲಿಸಿ, ಕೊನೆಯವನನ್ನು ವಾಹನವಾಗಿ ಮಡಚಿ ಇಟ್ಟರೆ ತಾವೇ ಬಗ್ಗಿ ನೋಡುತ್ತಾರೆ, "ಇದೇ ಅದಾ?" ಅನ್ನುತ್ತಾರೆ. ಪಕ್ಕದ ಮನೆಯ ಅಜ್ಜಿಯೊಬ್ಬರು ಕೊನೆಯಲ್ಲಿ ಇಟ್ಟಿದ್ದ ಕಲ್ಲನ್ನು ಎತ್ತಿ, "ಇದೊಂದು ಯಾಕಪ್ಪಾ ಇಲ್ಲಿ ಬಂತು, ಅಂಗಳಕ್ಕೆ ಹಾಕಲಾ?" ಅಂದರು. ಮಡಚುವುದು ಚೆನ್ನಾಗಿ ಆಗಿದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಮಾತು ಸಿಗುವುದಿಲ್ಲ.

ಕೊಡುವುದು, ತಗೊಳ್ಳುವುದು

ಬೀರು ತುಂಬಿದ ಮೇಲೆ ಒಂದು ಬಂದರೆ ಒಂದು ಹೋಗಬೇಕು. ನಿಮ್ಮ ಗೆರೆಯ ಆಚೆ ಇರುವುದನ್ನು ಮೊದಲು ಕೊಡಿ. ಮಾರುವುದಕ್ಕಿಂತ ಬದಲಿ ಮಾಡಿಕೊಳ್ಳುವುದು ವಾಸಿ, ಯಾಕಂದರೆ ಅಪರೂಪದ ಪಾತ್ರಕ್ಕೆ ನಿಗದಿ ಬೆಲೆ ಅಂತ ಇಲ್ಲ. ಬೇಕಾದವನಿಗೆ ಚಿನ್ನ, ಉಳಿದವರಿಗೆ ಪ್ಲಾಸ್ಟಿಕ್. ಎಲ್ಲಿ ಬಿರುಕು, ಯಾವ ಸ್ಟಿಕರ್ ಹೊಸದು, ಯಾವ ಗನ್ನು ಮಾಡಿಸಿದ್ದು ಅಂತ ಮೊದಲೇ ಬರೆದು ಕಳಿಸಿ. ಈ ಚಟದವರು ಕಡಿಮೆ ಜನ, ಮಾತು ಬೇಗ ಹರಡುತ್ತದೆ. ಪಾರ್ಸಲ್ ಮಾಡುವಾಗ ಗೊಂಬೆಯನ್ನು ವಾಹನದ ರೂಪಕ್ಕೆ ಮಡಚಿ. ಆಗ ಹೊರಚಾಚಿದ ಭಾಗ ಕಡಿಮೆ, ಮುರಿಯುವುದೂ ಕಡಿಮೆ. ಮೊದಲು ಕಾಗದ ಸುತ್ತಿ, ಆಮೇಲೆ ಗುಳ್ಳೆ ಕವರು. ಗುಳ್ಳೆ ಕವರು ನೇರವಾಗಿ ಮೈಗೆ ತಾಗಿದರೆ ಬಿಸಿಗೆ ಗುಳ್ಳೆಯ ಗುರುತು ಬೀಳುವುದುಂಟು.

ನನಗೆ ಸದ್ಯ ಬೇಕಾಗಿರುವುದು ರಾಕ್ ಲಾರ್ಡ್ಸ್‌ನಲ್ಲಿ ಬೌಲ್ಡರ್ ಮತ್ತು ಮ್ಯಾಗ್‌ಮಾರ್. ಕೈ ಮುರಿದಿದ್ದರೂ ಪರವಾಗಿಲ್ಲ, ಕೀಲು ಸರಿ ಇದ್ದರೆ ಸಾಕು. ಬದಲಿಗೆ ಕೊಡಲು ಹೆಚ್ಚಿನ ಒಬ್ಬ ಥಂಡರ್‌ಕ್ರ್ಯಾಕರ್ ಇದ್ದಾನೆ. ಎಡ ರೆಕ್ಕೆಯ ಸ್ಟಿಕರ್ ಇಲ್ಲ, ಒಂದು ಮಿಸೈಲ್ ಇಲ್ಲ, ಉಳಿದದ್ದೆಲ್ಲ ಸರಿ ಇದೆ.